ಚೀಟಿ ಬರೆದ ಕೈ, ಶಿಕ್ಷೆ ಕೊಟ್ಟ ಕೈ: ಸೈನಿಕರು ನುಂಗಿದ ಮಾತ್ರೆಗಳ ಚರಿತ್ರೆ



1981ರ ಮೇ 26, ರಾತ್ರಿ. ಫ್ಲೋರಿಡಾ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದಲ್ಲಿ ಅಮೆರಿಕದ ‘ನಿಮಿಟ್ಜ್’ ಅನ್ನೋ ವಿಮಾನವಾಹಕ ನೌಕೆ. ಪ್ರೌಲರ್ ಅನ್ನೋ ಒಂದು ಯುದ್ಧವಿಮಾನ ಅದರ ಡೆಕ್ ಮೇಲೆ ಇಳಿಯೋಕೆ ಹೋಗಿ, ಅಲ್ಲಿ ನಿಲ್ಲಿಸಿದ್ದ ವಿಮಾನಗಳಿಗೆ ಅಪ್ಪಳಿಸಿತು. ಬೆಂಕಿ ಹತ್ತಿಕೊಂಡಿತು. 14 ಜನ ಸತ್ತರು. ಮರಣೋತ್ತರ ಪರೀಕ್ಷೆ ಮಾಡಿದಾಗ ಸತ್ತ ಡೆಕ್ ಸಿಬ್ಬಂದಿಯಲ್ಲಿ ಕೆಲವರ ದೇಹದಲ್ಲಿ ಗಾಂಜಾ ಅಂಶ ಸಿಕ್ಕಿತು. ಸುದ್ದಿ ಹೊರಬಿದ್ದ ಮೇಲೆ ಅಮೆರಿಕದಲ್ಲಿ ದೊಡ್ಡ ಗದ್ದಲ ಆಯ್ತು. ಅದೇ ವರ್ಷದ ಕೊನೆಗೆ ಸೇನೆಯಲ್ಲಿ ಮಾದಕ ವಸ್ತುಗಳ ಬಗ್ಗೆ ‘ಝೀರೋ ಟಾಲರೆನ್ಸ್’ ನೀತಿ ಬಂತು. ಅಂದ್ರೆ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಕ್ಷಮೆ ಇಲ್ಲ.

ಇಷ್ಟು ಕಥೆ ತುಂಬಾ ಕಡೆ ಓದೋಕೆ ಸಿಗುತ್ತೆ. ಆದರೆ ಅದೇ ತನಿಖೆಯಲ್ಲಿ ಇನ್ನೊಂದು ವಿಷಯವೂ ಸಿಕ್ಕಿತ್ತು. ವಿಮಾನ ಓಡಿಸುತ್ತಿದ್ದ ಪೈಲಟ್‌ನ ದೇಹದಲ್ಲಿ ಬ್ರೋಮ್‌ಫೆನಿರಮಿನ್ ಅನ್ನೋ ಔಷಧಿ ಇತ್ತು. ನೆಗಡಿಗೆ, ಅಲರ್ಜಿಗೆ ತಗೊಳ್ಳೋ ಸಾಮಾನ್ಯ ಔಷಧಿ. ಇದ್ದ ಪ್ರಮಾಣ ಮಾತ್ರ ಸೂಚಿಸಿದ್ದಕ್ಕಿಂತ ಸುಮಾರು 11 ಪಟ್ಟು ಜಾಸ್ತಿ. ಅಪಘಾತಕ್ಕೆ ಗಾಂಜಾ ಕಾರಣ ಅಲ್ಲ ಅಂತ ನೌಕಾಪಡೆಯೇ ಹೇಳಿತ್ತು. ಆದರೂ ದೇಶ ನೆನಪಿಟ್ಟುಕೊಂಡದ್ದು ಗಾಂಜಾವನ್ನ. ಔಷಧಿ ಅಂಗಡಿಯ ಮಾತ್ರೆಯನ್ನು ಎಲ್ಲರೂ ಮರೆತರು.

ಈ ಮರೆವು ಆಕಸ್ಮಿಕ ಅಂತ ನನಗೆ ಅನ್ನಿಸೋದಿಲ್ಲ. ಇವತ್ತು ನಾನು ಹೇಳಬೇಕು ಅಂತಿರೋದು ಅದರ ಬಗ್ಗೆಯೇ. ಬೀದಿಯಲ್ಲಿ ಸಿಗೋ ಅಮಲು ಕಂಡರೆ ಸೇನೆಗಳು ಕೆಂಡಾಮಂಡಲ ಆಗ್ತವೆ. ಡಾಕ್ಟರ್ ಚೀಟಿಯ ಮೇಲೆ ಬರೋ ಅಮಲನ್ನು ಮಾತ್ರ ಎಷ್ಟೋ ಸಲ ತಾವೇ ಕೈಯಾರೆ ಹಂಚಿವೆ. ಕೊಟ್ಟ ಮೇಲೆ, ಅದಕ್ಕೆ ದಾಸನಾದ ಸೈನಿಕನನ್ನು ತಪ್ಪಿತಸ್ಥ ಅಂತ ಕರೆದಿವೆ. ಈ ಚರಿತ್ರೆಗೆ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ.

ಅಫೀಮಿನಿಂದ ಶುರು

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೀತು. ಆ ಕಾಲದ ವೈದ್ಯರ ಕೈಯಲ್ಲಿ ನೋವಿಗೆ ಇದ್ದ ದೊಡ್ಡ ಮದ್ದು ಅಫೀಮು. ಗುಂಡೇಟು ಬಿದ್ದರೂ ಅದೇ, ಭೇದಿ ನಿಲ್ಲದಿದ್ದರೂ ಅದೇ. ಉತ್ತರದ ಸೇನೆಯೊಂದಕ್ಕೇ ಸುಮಾರು ಒಂದು ಕೋಟಿ ಅಫೀಮು ಮಾತ್ರೆ ವಿತರಣೆ ಆಗಿತ್ತು. ಪುಡಿ, ದ್ರಾವಣದ ಲೆಕ್ಕ ಬೇರೆ. ಯುದ್ಧ ಮುಗಿದ ಮೇಲೆ ಚಟಕ್ಕೆ ಬಿದ್ದ ಮಾಜಿ ಸೈನಿಕರು ಎಷ್ಟು ಜನ ಅನ್ನೋದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ಆದರೆ ಅಫೀಮಿನ ಚಟಕ್ಕೆ ಮುಂದೆ ‘ಸೈನ್ಯದ ರೋಗ’ ಅಂತಲೇ ಒಂದು ಹೆಸರು ಅಂಟಿಕೊಂಡಿತು. ಗಮನಿಸಿ, ರೋಗಕ್ಕೆ ಸೈನ್ಯದ ಹೆಸರು ಬಂತು. ಹೊಣೆ ಸೈನ್ಯಕ್ಕೆ ಬರಲಿಲ್ಲ.

ಇಲ್ಲಿವರೆಗೆ ಮದ್ದು ಕೊಟ್ಟಿದ್ದು ಕಾಯಿಲೆ ಬಿದ್ದವನಿಗೆ, ಗಾಯ ಆದವನಿಗೆ. ಗಟ್ಟಿಮುಟ್ಟಾಗಿರೋ ಸೈನಿಕನಿಗೇ ಮಾತ್ರೆ ಕೊಟ್ಟು ಇನ್ನಷ್ಟು ದುಡಿಸೋ ಯೋಚನೆ ಬಂದಿದ್ದು 20ನೇ ಶತಮಾನದಲ್ಲಿ.

ನಿದ್ದೆಯ ವಿರುದ್ಧ ಯುದ್ಧ

ಮೆಥಾಂಫೆಟಮಿನ್ ಅನ್ನೋ ರಾಸಾಯನಿಕವನ್ನು ಮೊದಲು ತಯಾರಿಸಿದ್ದು ಜಪಾನಿನ ನಾಗಾಯಿ ನಾಗಾಯೋಶಿ, 1893ರಲ್ಲಿ. ಅದನ್ನು ಮಾತ್ರೆ ಮಾಡಿ ‘ಪೆರ್ವಿಟಿನ್’ ಅಂತ ಹೆಸರಿಟ್ಟು 1930ರ ದಶಕದ ಕೊನೆಗೆ ಮಾರುಕಟ್ಟೆಗೆ ಬಿಟ್ಟಿದ್ದು ಬರ್ಲಿನ್‌ನ ಟೆಮ್ಲರ್ ಕಂಪನಿ. ಅಲ್ಲಿನ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಒಟ್ಟೋ ರಾಂಕೆ ಅನ್ನೋ ಶರೀರಶಾಸ್ತ್ರಜ್ಞ ಇದ್ದ. ಸೈನಿಕನ ದಣಿವನ್ನು ಗೆಲ್ಲೋದು ಹೇಗೆ ಅನ್ನೋದು ಅವನ ತಲೆಬಿಸಿ. ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ ನೋಡಿದ. ನಿದ್ದೆ ಓಡಿಹೋಗುತ್ತೆ, ಎಚ್ಚರ ಇರುತ್ತೆ ಅನ್ನೋದು ಖಚಿತ ಆಯ್ತು.

1940ರ ಏಪ್ರಿಲ್‌ನಿಂದ ಜುಲೈವರೆಗೆ, ಬರೀ ನಾಲ್ಕು ತಿಂಗಳಲ್ಲಿ, ಜರ್ಮನ್ ಸೇನೆಗೂ ವಾಯುಪಡೆಗೂ ಹೋದ ಪೆರ್ವಿಟಿನ್ ಮತ್ತು ಅದರ ಜೋಡಿ ಮಾತ್ರೆ ‘ಐಸೋಫಾನ್’ ಒಟ್ಟು ಲೆಕ್ಕ ಮೂರೂವರೆ ಕೋಟಿ. ಫ್ರಾನ್ಸ್ ಮೇಲೆ ಮಿಂಚಿನ ದಾಳಿ ನಡೆದದ್ದು ಇದೇ ಸಮಯದಲ್ಲಿ. ಆ ಗೆಲುವಿಗೆ ಮಾತ್ರೆಯೇ ಕಾರಣ ಅಂತ ಹೇಳಿದರೆ ಅದು ಉತ್ಪ್ರೇಕ್ಷೆ ಆಗುತ್ತೆ. ಟ್ಯಾಂಕ್, ಯೋಜನೆ, ಎದುರಾಳಿಯ ತಪ್ಪು, ಎಲ್ಲ ಸೇರಿತ್ತು. ಆದರೆ ಹಗಲೂ ರಾತ್ರಿ ಮುಂದೆ ಮುಂದೆ ಹೋಗ್ತಾನೇ ಇದ್ದ ಆ ಸೈನಿಕರ ಜೇಬಲ್ಲಿ ಈ ಮಾತ್ರೆ ಇತ್ತು ಅನ್ನೋದು ದಾಖಲೆಯಲ್ಲಿರೋ ಸಂಗತಿ.

ಮುಂದೆ 1972ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದ ಹೈನ್ರಿಶ್ ಬೋಲ್ ಆಗ ಒಬ್ಬ ಮಾಮೂಲಿ ಸೈನಿಕ. ಮನೆಗೆ ಕಾಗದ ಬರೆಯುವಾಗ ಪೆರ್ವಿಟಿನ್ ಕಳಿಸಿ ಅಂತ ಒಂದಲ್ಲ, ಹಲವು ಸಲ ಕೇಳಿದ್ದ. ನಮ್ಮ ಕಡೆ ಹಾಸ್ಟೆಲ್ ಹುಡುಗ ಮನೆಯಿಂದ ಚಟ್ನಿಪುಡಿ ತರಿಸ್ಕೊಳ್ಳೋ ಹಾಗೆ! ಆ ಕಾಗದಗಳಲ್ಲಿ ಮುಚ್ಚುಮರೆ ಏನಿಲ್ಲ. ಅದೊಂದು ಚಟ ಅಂತ ಅವನಿಗೂ ಅನ್ನಿಸಿರಲಿಲ್ಲ, ಮನೆಯವರಿಗೂ ಅನ್ನಿಸಿರಲಿಲ್ಲ. ಅಂಗಡಿಯಲ್ಲಿ ಸಿಗೋ ವಸ್ತು, ಸೇನೆಯೇ ಕೊಡೋ ವಸ್ತು. ಅದರಲ್ಲೇನು ಮುಚ್ಚಿಡೋದು?

ಇಲ್ಲೊಂದು ವಿಚಿತ್ರ ನೋಡಿ. 1939ರ ನವೆಂಬರ್‌ನಲ್ಲೇ ಜರ್ಮನಿಯಲ್ಲಿ ಪೆರ್ವಿಟಿನ್ ಕೊಳ್ಳೋಕೆ ಡಾಕ್ಟರ್ ಚೀಟಿ ಬೇಕು ಅಂತ ನಿಯಮ ಬಂತು. 1941ರಲ್ಲಿ ಅಫೀಮು ಕಾಯ್ದೆಯಡಿ ಇನ್ನೂ ಬಿಗಿ ಆಯ್ತು. ಅಂದ್ರೆ ಇದು ಅಪಾಯ ಅಂತ ಸರ್ಕಾರಕ್ಕೆ ಗೊತ್ತಿತ್ತು. ಊರಲ್ಲಿರೋ ಗುಮಾಸ್ತನಿಗೆ ಅಪಾಯ ಆಗಿದ್ದು, ರಣರಂಗದಲ್ಲಿರೋ ಹುಡುಗನಿಗೆ ಅಗತ್ಯ ಸಾಮಗ್ರಿ ಆಗಿತ್ತು.

ಜರ್ಮನಿ ಒಂದನ್ನೇ ಬೈದು ಪ್ರಯೋಜನ ಇಲ್ಲ. ಬ್ರಿಟನ್ ಮತ್ತು ಅಮೆರಿಕದ ಸೇನೆಗಳು ‘ಬೆಂಜೆಡ್ರಿನ್’ ಅನ್ನೋ ಆಂಫೆಟಮಿನ್ ಮಾತ್ರೆ ಹಂಚಿದವು. ಬ್ರಿಟಿಷ್ ಪಡೆಗಳಿಗೆ ಯುದ್ಧಕಾಲದಲ್ಲಿ ಸುಮಾರು 7 ಕೋಟಿ 20 ಲಕ್ಷ ಮಾತ್ರೆ ಹೋಗಿರಬಹುದು ಅನ್ನೋ ಅಂದಾಜಿದೆ. ಜಪಾನಿನಲ್ಲಿ ಇದೇ ಮೆಥಾಂಫೆಟಮಿನ್ ‘ಫಿಲೋಪಾನ್’ ಅನ್ನೋ ಹೆಸರಲ್ಲಿತ್ತು. ಯುದ್ಧ ಸೋತ ಮೇಲೆ ಸೇನೆಯ ದಾಸ್ತಾನು ಊರಿನ ಮಾರುಕಟ್ಟೆಗೆ ಹರೀತು. ಹಸಿವು, ಸೋಲು, ಕೆಲಸ ಇಲ್ಲದ ದಿನಗಳು, ಜೊತೆಗೆ ಕೈಗೆ ಸಿಗೋ ಅಗ್ಗದ ಮಾತ್ರೆ. 1951ರಲ್ಲಿ ಜಪಾನ್ ಇದಕ್ಕಂತಲೇ ಕಾನೂನು ಮಾಡಬೇಕಾಯ್ತು. 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು.

ಮಿತಿ ಮೀರಿದರೆ ಏನಾಗುತ್ತೆ ಅನ್ನೋದಕ್ಕೆ ಫಿನ್‌ಲ್ಯಾಂಡಿನ ಸೈನಿಕ ಐಮೋ ಕೊಯಿವುನೆನ್ ಕಥೆ ಪ್ರಸಿದ್ಧ. 1944ರ ಮಾರ್ಚ್, ಲ್ಯಾಪ್‌ಲ್ಯಾಂಡಿನ ಹಿಮ. ಸ್ಕೀ ಮೇಲೆ ಗಸ್ತು ಹೋಗಿದ್ದ ತಂಡವನ್ನು ಸೋವಿಯತ್ ಸೈನಿಕರು ಅಟ್ಟಿಸಿಕೊಂಡು ಬಂದರು. ಇಡೀ ತಂಡದ ಪೆರ್ವಿಟಿನ್ ಇದ್ದಿದ್ದು ಇವನ ಹತ್ತಿರ. ಕೈಗವಸು ಹಾಕಿದ ಕೈಯಲ್ಲಿ ಒಂದೇ ಮಾತ್ರೆ ಬಿಡಿಸೋಕೆ ಆಗದೆ, 30 ಮಾತ್ರೆಯನ್ನೂ ಒಟ್ಟಿಗೇ ಬಾಯಿಗೆ ಹಾಕಿಕೊಂಡನಂತೆ. ಭ್ರಮೆ, ಪ್ರಜ್ಞೆ ತಪ್ಪೋದು, ಮತ್ತೆ ಎದ್ದು ಓಡೋದು, ನೆಲಬಾಂಬು ತುಳಿದು ಗಾಯ. ಸುಮಾರು 400 ಕಿಲೋಮೀಟರ್ ದಾಟಿ ಕೊನೆಗೆ ಆಸ್ಪತ್ರೆಗೆ ಬಂದಾಗ ಅವನ ತೂಕ 43 ಕೆ.ಜಿ., ನಾಡಿಬಡಿತ 200 ಅಂತ ಹೇಳ್ತಾರೆ. ಅವನು ಬದುಕಿಕೊಂಡ. ಈ ಕಥೆಯನ್ನು ಸಾಹಸದ ಕಥೆಯಾಗಿ ಹೇಳೋರೇ ಜಾಸ್ತಿ. ನನಗೆ ಇದರಲ್ಲಿ ಕಾಣೋದು, ಏನು ನುಂಗ್ತಿದ್ದೀನಿ ಅಂತಲೂ ಸರಿಯಾಗಿ ತಿಳಿಯದ ಒಬ್ಬ ಹುಡುಗ.

ವಿಯೆಟ್ನಾಂ: ಎರಡು ಬಗೆಯ ಅಮಲು

ವಿಯೆಟ್ನಾಂ ಯುದ್ಧ ಅಂದ ತಕ್ಷಣ ಎಲ್ಲರಿಗೂ ಹೆರಾಯಿನ್ ನೆನಪಾಗುತ್ತೆ. ಅದು ನಿಜವೇ. 1971ರ ಮೇ ತಿಂಗಳಲ್ಲಿ ಇಬ್ಬರು ಸಂಸದರು ವಿಯೆಟ್ನಾಂಗೆ ಹೋಗಿಬಂದು, ಅಲ್ಲಿರೋ ಅಮೆರಿಕನ್ ಸೈನಿಕರಲ್ಲಿ ಶೇ. 10ರಿಂದ 15ರಷ್ಟು ಜನ ಹೆರಾಯಿನ್‌ಗೆ ದಾಸರಾಗಿದ್ದಾರೆ ಅಂತ ವರದಿ ಕೊಟ್ಟರು. ಮರುತಿಂಗಳೇ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ನಂಬರ್ ಒನ್ ಶತ್ರು ಅಂತ ಸಾರಿದರು. ಮನೆಗೆ ಹೊರಟ ಸೈನಿಕರಿಗೆಲ್ಲ ಮೂತ್ರ ಪರೀಕ್ಷೆ ಶುರುವಾಯ್ತು. ಪಾಸಾಗದಿದ್ದರೆ ವಿಮಾನ ಹತ್ತೋ ಹಾಗಿಲ್ಲ.

ಆದರೆ ಅದೇ 1971ರಲ್ಲಿ ಅಮೆರಿಕನ್ ಸಂಸತ್ತಿನ ಒಂದು ಸಮಿತಿ ಇನ್ನೊಂದು ಲೆಕ್ಕವನ್ನೂ ಹೊರಗೆ ತಂದಿತು. 1966ರಿಂದ 1969ರವರೆಗೆ ಸೇನಾಪಡೆಗಳು ಬಳಸಿದ ಉತ್ತೇಜಕ ಮಾತ್ರೆಗಳು 22 ಕೋಟಿ 50 ಲಕ್ಷ. ಹೆಚ್ಚಿನವು ‘ಡೆಕ್ಸೆಡ್ರಿನ್’. ರಾತ್ರಿ ಗಸ್ತಿಗೆ, ಕಾಡಿನಲ್ಲಿ ದಿನಗಟ್ಟಲೆ ಹುದುಗಿರೋ ಕಾರ್ಯಾಚರಣೆಗೆ ಕೊಡ್ತಿದ್ದರು. ಎಷ್ಟು ತಗೋಬೇಕು ಅನ್ನೋ ಸೂಚನೆ ಕಾಗದದ ಮೇಲಿತ್ತು, ಕಾಡಿನಲ್ಲಿ ಅದನ್ನ ಯಾರು ಎಣಿಸ್ತಾರೆ? ಜೊತೆಗೆ, ಯುದ್ಧದ ಆಘಾತಕ್ಕೆ ಸಿಕ್ಕವರಿಗೆ ಥೋರಜಿನ್‌ನಂಥ ಮನೋರೋಗದ ಔಷಧಿ ಕೊಟ್ಟು, ಸ್ವಲ್ಪ ಸುಧಾರಿಸಿದ ಕೂಡಲೇ ಮತ್ತೆ ತುಕಡಿಗೆ ಕಳಿಸ್ತಿದ್ದರು. ಪರೀಕ್ಷೆ ನಡೆದದ್ದು ಹೆರಾಯಿನ್ ಹುಡುಕೋಕೆ. ಹಂಚಿಕೆಗೆ ಪರೀಕ್ಷೆ ಇರಲಿಲ್ಲ.

ಇದೇ ಕಾಲದ ಒಂದು ಅಧ್ಯಯನ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಲೀ ರಾಬಿನ್ಸ್ ಅನ್ನೋ ಸಂಶೋಧಕಿ, ವಿಯೆಟ್ನಾಂನಿಂದ ಮರಳಿದ ಸುಮಾರು 900 ಸೈನಿಕರನ್ನು ಸಂದರ್ಶನ ಮಾಡಿದರು. ಅಲ್ಲಿದ್ದಾಗ ಶೇ. 20ರಷ್ಟು ಜನ ದಾಸರಾಗಿದ್ದರು. ಆದರೆ ಮನೆಗೆ ಬಂದ ಮೊದಲ ವರ್ಷದಲ್ಲಿ, ಹಾಗೆ ದಾಸರಾಗಿದ್ದವರಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಆಗ ಇದನ್ನು ಬಹಳ ಜನ ನಂಬಲಿಲ್ಲ. ಜಾಗ ಬದಲಾದರೆ, ಭಯ ಹೋದರೆ, ಮನೆಯವರ ಜೊತೆ ಸೇರಿದರೆ ತುಂಬಾ ಜನ ಚಟದಿಂದ ಹೊರಗೆ ಬರಬಹುದು ಅನ್ನೋದು ಇದರಿಂದ ಗೊತ್ತಾಯ್ತು. ಈ ಅಂಶವನ್ನ ತಲೇಲಿ ಇಟ್ಕೊಂಡಿರಿ. ಯಾಕಂದ್ರೆ ಮುಂದಿನ ಯುದ್ಧಗಳಲ್ಲಿ ಮಾತ್ರೆ ಸೈನಿಕನ ಜೊತೆಗೇ ಮನೆಗೆ ಬಂತು.

ಏಳಿಸೋಕೊಂದು, ಮಲಗಿಸೋಕೊಂದು

ಅಮೆರಿಕದ ವಾಯುಪಡೆಯಲ್ಲಿ ‘ಗೋ ಪಿಲ್’, ‘ನೋ-ಗೋ ಪಿಲ್’ ಅಂತ ಎರಡು ಮಾತು ಚಾಲ್ತಿಯಲ್ಲಿದ್ದವು. ಎಚ್ಚರ ಇರೋಕೆ ಡೆಕ್ಸೆಡ್ರಿನ್, ಇಳಿದು ಬಂದ ಮೇಲೆ ಮಲಗೋಕೆ ಆಂಬಿಯನ್‌ನಂಥ ನಿದ್ದೆ ಮಾತ್ರೆ. 1991ರ ಕೊಲ್ಲಿ ಯುದ್ಧದ ನಂತರ ಇದನ್ನು ನಿಲ್ಲಿಸಿದರು, 1996ರಲ್ಲಿ ಸದ್ದಿಲ್ಲದೆ ಮತ್ತೆ ಬಿಟ್ಟರು.

2002ರ ಏಪ್ರಿಲ್ 17ರ ರಾತ್ರಿ, ಅಫ್ಘಾನಿಸ್ತಾನದ ಕಂದಹಾರ್ ಬಳಿಯ ಟಾರ್ನಾಕ್ ಫಾರ್ಮ್. ಕೆನಡಾ ಸೈನಿಕರು ಗುಂಡು ಹಾರಿಸೋ ಅಭ್ಯಾಸ ಮಾಡ್ತಿದ್ದರು. ಮೇಲೆ ಹಾರ್ತಿದ್ದ ಅಮೆರಿಕದ ಎಫ್-16 ಪೈಲಟ್ ತನ್ನ ಮೇಲೆ ದಾಳಿ ನಡೀತಿದೆ ಅಂತ ತಿಳಿದು ಬಾಂಬ್ ಹಾಕಿದ. ನಾಲ್ವರು ಸತ್ತರು, ಎಂಟು ಜನಕ್ಕೆ ಗಾಯ. ವಿಚಾರಣೆಯಲ್ಲಿ ಪೈಲಟ್‌ಗಳ ವಕೀಲರು, ವಾಯುಪಡೆಯೇ ಕೊಟ್ಟ ಡೆಕ್ಸೆಡ್ರಿನ್ ಅವರ ವಿವೇಚನೆ ಕೆಡಿಸಿರಬಹುದು ಅಂತ ವಾದಿಸಿದರು. ಮಾತ್ರೆ ಕಾರಣ ಅಲ್ಲ ಅಂತ ವಾಯುಪಡೆ ಹೇಳಿತು. ಮಾತ್ರೆ ತಗೊಳ್ಳೋದು ಐಚ್ಛಿಕ, ಪೈಲಟ್ ಸಹಿ ಹಾಕಿಯೇ ತಗೊಂಡಿರ್ತಾನೆ ಅನ್ನೋದು ಅವರ ಉತ್ತರ. ಆದರೆ ಬೇಡ ಅಂದರೆ ಆ ಹಾರಾಟಕ್ಕೇ ಅನರ್ಹ ಅಂತ ಕೂರಿಸೋ ಅವಕಾಶ ಇತ್ತು. ಸೈನ್ಯದಲ್ಲಿರೋನಿಗೆ ಈ ‘ಐಚ್ಛಿಕ’ ಅನ್ನೋ ಪದದ ತೂಕ ಎಷ್ಟು ಅಂತ ನೀವೇ ಯೋಚಿಸಿ.

ನೋವಿನ ಮಾತ್ರೆಯ ದಶಕ

ಇಲ್ಲಿಂದ ಕಥೆ ದೊಡ್ಡ ತಿರುವು ತಗೊಳ್ಳುತ್ತೆ. ಅಫ್ಘಾನಿಸ್ತಾನ ಮತ್ತು ಇರಾಕ್ ಯುದ್ಧಗಳು ಬೇಗ ಮುಗೀಲಿಲ್ಲ. ಒಬ್ಬನೇ ಸೈನಿಕ ಎರಡು ಸಲ, ಮೂರು ಸಲ ಹೋಗಿಬರಬೇಕಾಯ್ತು. ರಕ್ಷಾಕವಚ, ಶಸ್ತ್ರ, ಬೆನ್ನಿಗೆ ಹೊರೆ, ಎಲ್ಲ ಸೇರಿ ಸೊಂಟ, ಮೊಣಕಾಲು, ಬೆನ್ನು ಹೋಯ್ತು. ವೈದ್ಯಕೀಯ ಮುಂದುವರಿದಿದ್ದರಿಂದ ಹಿಂದಿನ ಯುದ್ಧಗಳಲ್ಲಿ ಸಾಯ್ತಿದ್ದಂಥವರು ಈಗ ಬದುಕಿದರು. ಬದುಕಿದವರಿಗೆ ನೋವು ಉಳೀತು. ಹೊರಗೆ ಅಮೆರಿಕದ ಸಮಾಜದಲ್ಲೇ ಆಕ್ಸಿಕೋಡೋನ್, ಹೈಡ್ರೋಕೋಡೋನ್‌ನಂಥ ಅಫೀಮು ವರ್ಗದ ನೋವಿನ ಮಾತ್ರೆಗಳನ್ನು ವೈದ್ಯರು ಧಾರಾಳವಾಗಿ ಬರೀತಿದ್ದ ಕಾಲ ಅದು.

2001ರಿಂದ 2009ರ ನಡುವೆ ಸೇನಾ ವೈದ್ಯರು ಬರೆದ ನೋವಿನ ಮಾತ್ರೆ ಚೀಟಿಗಳು ನಾಲ್ಕು ಪಟ್ಟು ಏರಿ, ವರ್ಷಕ್ಕೆ ಸುಮಾರು 38 ಲಕ್ಷ ಮುಟ್ಟಿದವು. ಯುದ್ಧಭೂಮಿಗೆ ಹೊರಡೋ ಸೈನಿಕ ಆರು ತಿಂಗಳಿಗೆ ಆಗೋಷ್ಟು ಔಷಧಿಯನ್ನು ಒಟ್ಟಿಗೇ ಬ್ಯಾಗಿಗೆ ಹಾಕ್ಕೊಂಡು ಹೋಗಬಹುದಿತ್ತು. ಪಕ್ಕದ ಮಂಚದವನಿಗೆ ಬೆನ್ನುನೋವು ಅಂದರೆ ತನ್ನದರಲ್ಲಿ ಎರಡು ಕೊಟ್ಟರಾಯ್ತು. ಕಾನೂನಿನ ಭಾಷೆಯಲ್ಲಿ ಇದೇ ‘ದುರ್ಬಳಕೆ’: ಇನ್ನೊಬ್ಬರ ಚೀಟಿಯ ಮಾತ್ರೆ ತಗೊಳ್ಳೋದು, ಬರೆದದ್ದಕ್ಕಿಂತ ಜಾಸ್ತಿ ತಗೊಳ್ಳೋದು, ನೋವು ಹೋದ ಮೇಲೂ ನಿದ್ದೆಗೋ ನೆಮ್ಮದಿಗೋ ಮುಂದುವರಿಸೋದು. ಬ್ಯಾರಕ್ಕಿನ ಭಾಷೆಯಲ್ಲಿ ಇದು ಸ್ನೇಹಿತನಿಗೆ ಮಾಡೋ ಸಹಾಯ.

ಅಮೆರಿಕದ ರಕ್ಷಣಾ ಇಲಾಖೆಯ ಸಮೀಕ್ಷೆಗಳಲ್ಲಿ ಇದು ಕಾಣಿಸಿಕೊಂಡಿತು. ಔಷಧಿ ದುರ್ಬಳಕೆ ಮಾಡಿದ್ದೇವೆ ಅಂತ ಒಪ್ಪಿಕೊಂಡ ಸೇವಾನಿರತ ಸೈನಿಕರು 2002ರಲ್ಲಿ ಶೇ. 2, 2005ರಲ್ಲಿ ಶೇ. 4, 2008ರಲ್ಲಿ ಶೇ. 11. ಅದೇ 2008ರಲ್ಲಿ ಗಾಂಜಾ, ಕೊಕೇನ್‌ನಂಥ ನಿಷೇಧಿತ ವಸ್ತು ಬಳಸಿದವರು ಸೈನಿಕರಲ್ಲಿ ಶೇ. 2.3 ಇದ್ದರೆ, ನಾಗರಿಕರಲ್ಲಿ ಶೇ. 12 ಇತ್ತು. ಅಂದ್ರೆ ನಿಮಿಟ್ಜ್ ಅಪಘಾತದ ನಂತರದ ಬಿಗಿ ನೀತಿ ಸೋತಿರಲಿಲ್ಲ. ಅದು ಯಾವ ಬಾಗಿಲನ್ನು ಕಾಯ್ತಿತ್ತೋ ಆ ಬಾಗಿಲು ಮುಚ್ಚಿಯೇ ಇತ್ತು. ಪಕ್ಕದಲ್ಲಿದ್ದ ಆಸ್ಪತ್ರೆಯ ಬಾಗಿಲು ತೆರೆದಿತ್ತು, ಅಷ್ಟೇ.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಇನ್ನೂ ಹತ್ತಿರದಿಂದ ತೋರಿಸಿತು. ಅಫ್ಘಾನಿಸ್ತಾನದಿಂದ ಮರಳಿ ಮೂರು ತಿಂಗಳಾಗಿದ್ದ ಒಂದು ಕಾಲ್ದಳ ಬ್ರಿಗೇಡಿನ ಸುಮಾರು 2,600 ಸೈನಿಕರನ್ನು ಕೇಳಿದ್ದರು. ಶೇ. 44 ಜನಕ್ಕೆ ದೀರ್ಘಕಾಲದ ನೋವು. ಶೇ. 15 ಜನ ಹಿಂದಿನ ತಿಂಗಳಲ್ಲಿ ಅಫೀಮು ವರ್ಗದ ಮಾತ್ರೆ ತಗೊಂಡಿದ್ದರು. ನಾಗರಿಕರಲ್ಲಿ ಇದು ಶೇ. 4ರಷ್ಟು. ಮಾತ್ರೆ ತಗೊಂಡವರಲ್ಲಿ ಶೇ. 44 ಜನಕ್ಕೆ ಆ ತಿಂಗಳಲ್ಲಿ ನೋವೇ ಇರಲಿಲ್ಲ, ಇಲ್ಲಾಂದ್ರೆ ಅಲ್ಪ ಇತ್ತು. ನನ್ನನ್ನು ಬಹಳ ದಿನ ಕಾಡಿದ್ದು ಈ ಕೊನೆಯ ಅಂಕಿ. ಮೈನೋವು ಇಲ್ಲದಿದ್ದರೆ ಯಾವ ನೋವಿಗೆ ನುಂಗಿದರು ಇವರು?

ಗಾಯಾಳು ಸೈನಿಕರ ಚೇತರಿಕೆಗೆ 2007ರಲ್ಲಿ ‘ವಾರಿಯರ್ ಟ್ರಾನ್ಸಿಷನ್ ಯುನಿಟ್’ ಅನ್ನೋ ವಿಶೇಷ ಘಟಕಗಳನ್ನು ಮಾಡಿದ್ದರು. ಅಲ್ಲಿ ಇರೋರಲ್ಲಿ ಶೇ. 25ರಿಂದ 35ರಷ್ಟು ಜನ ಔಷಧಿಗೆ ದಾಸರಾಗಿದ್ದಾರೆ ಅಂತ ಅಲ್ಲಿನ ನರ್ಸ್‌ಗಳೂ ಮೇಲ್ವಿಚಾರಕರೂ ಅಂದಾಜು ಮಾಡಿದ್ದನ್ನು ಸೇನೆಯದೇ ತನಿಖಾ ವರದಿ ದಾಖಲಿಸಿತು. ವಾಸಿ ಮಾಡೋಕೆ ಕಟ್ಟಿದ ಮನೆಯ ಸ್ಥಿತಿ ಇದು.

ಹೇಳಿದರೆ ಕೆಲಸ ಹೋಗುತ್ತೆ

ಹಾಗಾದರೆ ಚಟ ಅಂಟಿದೆ ಅಂತ ಗೊತ್ತಾದ ಸೈನಿಕ ಡಾಕ್ಟರ್ ಹತ್ರ ಹೋಗಿ ಹೇಳಬಹುದಲ್ವಾ? ಇಲ್ಲೇ ಇರೋದು ಗಂಟು. 2012ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ದೊಡ್ಡ ವರದಿ ಕೊಟ್ಟಿತು. ಸೇನೆಯ ವ್ಯಸನ ಚಿಕಿತ್ಸೆ ಹಳೆಯ ಪದ್ಧತಿಯದು, ಗೋಪ್ಯತೆ ಸಾಲದು ಅಂತ ನೇರವಾಗಿ ಹೇಳಿತು. ಆಗ ಚಿಕಿತ್ಸೆಗೆ ಹೋದರೆ ಮೇಲಧಿಕಾರಿಗೆ ಗೊತ್ತಾಗ್ತಿತ್ತು. ಗೊತ್ತಾದರೆ ಬಡ್ತಿ ಕೈತಪ್ಪಬಹುದಿತ್ತು. ಆದ್ದರಿಂದ ಬಾಯಿ ಬಿಡ್ತಿರಲಿಲ್ಲ. ಬಾಯಿ ಬಿಡದೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಸೇನೆಯಿಂದಲೇ ಹೊರಗೆ. ಹೊರಗೆ ಹಾಕುವಾಗ ಕೊಡೋ ಪ್ರಮಾಣಪತ್ರದಲ್ಲಿ ‘ಗೌರವಯುತ’ ಅನ್ನೋ ಪದ ಇಲ್ಲದಿದ್ದರೆ, ಮಾಜಿ ಸೈನಿಕರಿಗೆ ಸಿಗೋ ವೈದ್ಯಕೀಯ ಸೌಲಭ್ಯವೂ ಹೋಗಬಹುದು. ಅಂದ್ರೆ ಚಿಕಿತ್ಸೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಅದು ಸಿಗದ ಹಾಗೆ ಆಗುತ್ತೆ.

ಬದಲಾವಣೆ ಆಗಲೇ ಇಲ್ಲ ಅಂತ ಹೇಳಿದರೆ ಅನ್ಯಾಯ ಆಗುತ್ತೆ. 2012ರಲ್ಲಿ ಹೈಡ್ರೋಕೋಡೋನ್ ಮತ್ತು ಬೆಂಜೋಡಯಾಜಪಿನ್ ವರ್ಗದ ಔಷಧಿಗಳನ್ನು ಮೂತ್ರ ಪರೀಕ್ಷೆಗೆ ಸೇರಿಸಿದರು. 2013ರಲ್ಲಿ ಸೈನಿಕ ಕುಟುಂಬಗಳ ಆರೋಗ್ಯ ಯೋಜನೆಯಾದ ‘ಟ್ರೈಕೇರ್’, ಚಟ ಬಿಡಿಸೋಕೆ ಕೊಡೋ ಬುಪ್ರೆನಾರ್ಫಿನ್ ಔಷಧಿಯನ್ನು ದೀರ್ಘಕಾಲ ಮುಂದುವರಿಸೋಕೆ ದಾರಿ ಮಾಡಿತು. 2017ರ ವೈದ್ಯಕೀಯ ಮಾರ್ಗಸೂಚಿ, ದೀರ್ಘಕಾಲದ ನೋವಿಗೆ ಹೊಸದಾಗಿ ಅಫೀಮು ವರ್ಗದ ಮಾತ್ರೆಯನ್ನು ತಿಂಗಳುಗಟ್ಟಲೆ ಶುರುಮಾಡಬೇಡಿ ಅಂತ ಸೇನಾ ವೈದ್ಯರಿಗೆ ಹೇಳಿತು. ಗಮನಿಸಿ, ಮೊದಲು ಬಂದದ್ದು ಪರೀಕ್ಷೆ. ಚಿಕಿತ್ಸೆ ಆಮೇಲೆ. ಚೀಟಿ ಬರೆಯೋ ಕೈಗೆ ಇಂಥ ನೇರ ಎಚ್ಚರಿಕೆ ಕೊನೆಗೆ.

ಈ ಕ್ರಮ ತಲೆಕೆಳಗಾಗಬೇಕಿತ್ತು ಅನ್ನೋದು ನನ್ನ ಅನಿಸಿಕೆ. ನೋವಿನ ಮಾತ್ರೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಕಾಲು ಕಳಕೊಂಡವನಿಗೆ ಮಾರ್ಫಿನ್ ಕೊಡದೆ ಇರೋದು ಕ್ರೌರ್ಯ. ನನ್ನ ತಕರಾರು ಲೆಕ್ಕದ ಬಗ್ಗೆ. ಪೆರ್ವಿಟಿನ್‌ನಿಂದ ಹಿಡಿದು ಆಕ್ಸಿಕೋಡೋನ್‌ವರೆಗೆ ಸೇನೆಗಳು ಕೇಳಿದ ಪ್ರಶ್ನೆ ಒಂದೇ: ಇವನು ನಾಳೆ ಡ್ಯೂಟಿಗೆ ಬರ್ತಾನಾ? ಐದು ವರ್ಷ ಆದ ಮೇಲೆ ಇವನು ಹೇಗಿರ್ತಾನೆ ಅನ್ನೋ ಪ್ರಶ್ನೆ ಯಾರ ಕಡತದಲ್ಲೂ ಇರಲಿಲ್ಲ. ಚೀಟಿ ಬರೆದ ಸಂಸ್ಥೆಗೆ ಆ ಎರಡನೇ ಪ್ರಶ್ನೆಯ ಉತ್ತರವನ್ನೂ ಕೊಡೋ ಹೊಣೆ ಇದೆ. ಮಾತ್ರೆ ಖಾಲಿ ಆದ ಮೇಲೂ ಆ ಹೊಣೆ ಮುಗಿಯೋದಿಲ್ಲ.

ಈ ಕಂತು ಇಲ್ಲಿಗೆ ಮುಗೀತು. ನಿಮ್ಮ ಮನೆಯಲ್ಲಿ, ಬಂಧುಗಳಲ್ಲಿ ಯಾರಾದ್ರೂ ನೋವಿನ ಮಾತ್ರೆಯನ್ನೋ ನಿದ್ದೆ ಮಾತ್ರೆಯನ್ನೋ ಬಿಡೋಕೆ ಆಗ್ತಿಲ್ಲ ಅಂದ್ರೆ ಬೈಯೋಕೆ ಹೋಗಬೇಡಿ. ಒಮ್ಮೆಲೇ ನಿಲ್ಲಿಸೋಕೂ ಹೇಳಬೇಡಿ, ಕೆಲವು ಔಷಧಿಗಳಲ್ಲಿ ಅದೇ ಅಪಾಯ. ಅವರ ಜೊತೆ ನೀವೂ ಡಾಕ್ಟರ್ ಹತ್ರ ಹೋಗಿ, ಹಂತಹಂತವಾಗಿ ಇಳಿಸೋದು ಹೇಗೆ ಅಂತ ಕೇಳಿ.